ಕಮಲಾಪುರದ ತಿರುವಿನಲ್ಲಿ ಎರಡು ಹಾರ್ನ್

ಕಮಲಾಪುರ
12 ಮೇ 2025

ಅಣ್ಣನಿಗೆ ಶಂಕ್ರಮ್ಮನ ಶರಣು.

ನಿನ್ನೆ ಫೋನಿನಲ್ಲಿ ನಾನು ಅಳುತ್ತ ಹೇಳಿದ್ದರಲ್ಲಿ ನಿನಗೆ ಎಷ್ಟು ಕೇಳಿಸಿತೋ ದೇವರೇ ಬಲ್ಲ. "ಬಾಳಿಹಣ್ಣ ಬಿದ್ದಾವ? ಬೀಳ್ಲಿ ಬಿಡು, ಅದಕ್ಯಾಕ ಅಳ್ತಿ?" ಅಂದೆ. ಬಿದ್ದದ್ದು ಹಣ್ಣಲ್ಲ ಅಣ್ಣಾ, ನೂರಜಹಾನ್. ಜೀವಮಾನವೆಲ್ಲ ಬಸ್ಸಿನ ಇಂಜಿನ್ ಪಕ್ಕ ಕೂತು ಕಿವಿ ಕಳೆದುಕೊಂಡವನ ಜೊತೆ ಫೋನಿನಲ್ಲಿ ಮಾತಾಡುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಇನ್ನು ಮುಂದೆ ಬರೆದೇ ಕಳಿಸುತ್ತೇನೆ. ನಿನ್ನ ಹಳೆಯ ಕಂಡಕ್ಟರ್ ಗುಫ್ರಾನ್ ಇದೇ ರೂಟಿನಲ್ಲಿ ಇದ್ದಾನಲ್ಲ, ಅವನ ಕೈಯಲ್ಲಿ ಕೊಟ್ಟರೆ ಸಂಜೆಗೆ ಶಹಾಬಜಾರದ ನಿನ್ನ ಮನೆ ಮುಟ್ಟುತ್ತದೆ.

ನಡೆದದ್ದು ಇಷ್ಟು. ಶನಿವಾರ ಮಧ್ಯಾಹ್ನ ಒಂದು ಕಾರು ಹೆದ್ದಾರಿಯ ಆಚೆ ನಿಧಾನ ಮಾಡಿ ಹಾರ್ನ್ ಹೊಡೆಯಿತು. ನಮ್ಮ ಬಾಳೆಹಣ್ಣಿನ ಸಾಲಿನಲ್ಲಿ ಹಾರ್ನ್ ಅಂದರೆ ಗಿರಾಕಿ ಕರೆದ ಹಾಗೆ. ಯಾರು ಮೊದಲು ಓಡಿಹೋಗಿ ಕಿಟಕಿ ಮುಟ್ಟುತ್ತಾರೋ ವ್ಯಾಪಾರ ಅವರದು. ನೂರಜಹಾನ್ ಎರಡು ಚಿಪ್ಪು ಕೆಂಪು ಬಾಳೆ ಹಿಡಿದು ಓಡಿದಳು. ಹಿಂದಿನಿಂದ ಬಂದ ಇನ್ನೊಂದು ಕಾರು ಅವಳ ಕಾಲಿಗೆ ಬಡಿಯಿತು. ತೊಡೆಯ ಎಲುಬು ಮುರಿದಿದೆ, ಜೀವಕ್ಕೆ ಅಪಾಯವಿಲ್ಲ. ಕಲಬುರಗಿಯ ದೊಡ್ಡ ಆಸ್ಪತ್ರೆಯಲ್ಲಿದ್ದಾಳೆ, ಜೊತೆಗೆ ಅವಳ ಗಂಡ ಕರೀಂಸಾಬ್ ಇದ್ದಾರೆ. ನೀನು ಒಂದು ಸಲ ಹೋಗಿ ನೋಡಿಕೊಂಡು ಬಾ.

ಈಗ ಪಟ್ಟಣ ಪಂಚಾಯತಿಯವರು ಹೆದ್ದಾರಿಯ ಬದಿಯ ಅಂಗಡಿಗಳನ್ನೆಲ್ಲ ಎತ್ತಿಸುತ್ತಾರೆ ಎಂದು ಸುದ್ದಿ. ಒಂದು ಕಾಲು ಮುರಿದದ್ದಕ್ಕೆ ನಮ್ಮೆಲ್ಲರ ಕಾಲು ಮುರಿದರೆ ಹೇಗೆ ಹೇಳು.

ಇದರ ಜೊತೆ ಒಂದು ಚಿಪ್ಪು ಹಣ್ಣು ಕಳಿಸಿದ್ದೇನೆ. ಮನೆಯಲ್ಲಿ ವೈನಿಗೆ ಎರಡಾದರೂ ಉಳಿಸು, ಎಲ್ಲ ನೀನೇ ತಿನ್ನಬೇಡ.

ನಿನ್ನ ತಂಗಿ
ಶಂಕ್ರಮ್ಮ


ಶಹಾಬಜಾರ, ಕಲಬುರಗಿ
20 ಮೇ 2025

ತಂಗಿ ಶಂಕ್ರಮ್ಮನಿಗೆ,

ನಿನ್ನ ಕಾಗದ ಓದಿ ಮರುದಿನವೇ ಆಸ್ಪತ್ರೆಗೆ ಹೋದೆ. ನೂರಜಹಾನ್ ಕಾಲಿಗೆ ರಾಡು ಹಾಕಿದ್ದಾರೆ. ನನ್ನನ್ನು ಕಂಡ ಕೂಡಲೇ, "ಬರ್ರಿ ಭಾಯಿ, ಖಾಲಿ ಕೈಲೆ ಬಂದೀರಿ? ನಿಮ್ಮ ತಂಗಿ ಹಣ್ಣ ನೀವ ತಿಂದ್ರ್ಯಾ?" ಎಂದು ನಕ್ಕಳು. ಎಲುಬು ಮುರಿದರೂ ಬಾಯಿ ಮುರಿದಿಲ್ಲ. ಬಹಳ ಹೊತ್ತು ಕೂತಿದ್ದೆ. ಅವಳ ಮಾತು ನನಗೆ ಪೂರ್ತಿ ಕೇಳಲಿ ಎಂದು ಕರೀಂಸಾಬ್ ನನ್ನ ಕಿವಿಯ ಹತ್ತಿರ ಬಂದು ಮತ್ತೊಮ್ಮೆ ಹೇಳುತ್ತಿದ್ದರು. ಪಕ್ಕದ ಮಂಚದವರಿಗೆಲ್ಲ ನಮ್ಮ ಊರಿನ ಸುದ್ದಿ ಬಾಯಿಪಾಠವಾಗಿರಬೇಕು.

ಇಲ್ಲಿ ಬಿಸಿಲು ಹೇಳತೀರದು. ಓಣಿಯಲ್ಲಿ ಮಧ್ಯಾಹ್ನ ನಾಯಿಯೂ ಓಡಾಡುವುದಿಲ್ಲ. ನಿಮ್ಮ ವೈನಿ ಮಾಳಿಗೆಯ ಮೇಲೆ ಹಪ್ಪಳ ಒಣಗಿಸಿ, ನನ್ನನ್ನು ಕಾಗೆ ಕಾಯಲು ಕೂರಿಸಿದ್ದಾಳೆ. ಅಷ್ಟು ದೊಡ್ಡ ಬಸ್ಸು ಓಡಿಸಿದವನ ಗತಿ ನೋಡು.

ಒಂದು ಮಾತು ಕೇಳುತ್ತೇನೆ. ನೀನು ಈಗಲೂ ಹಾರ್ನ್ ಕೇಳಿದರೆ ಓಡುತ್ತೀಯಾ?

ದೌಲಪ್ಪ


ಕಮಲಾಪುರ
3 ಜೂನ್ 2025

ಅಣ್ಣಾ,

ಇದೇನು ಪ್ರಶ್ನೆ? ಓಡದೆ ಇರುತ್ತೇನೆಯೇ! ಈ ವಯಸ್ಸಿನಲ್ಲೂ ನಾನು ಎದ್ದರೆ ಪಕ್ಕದ ಅಂಗಡಿಯ ಇಮಾಮಬಿ "ಎದ್ದಳು ನೋಡ್ರೆವ್ವಾ ಕುದುರಿ" ಅನ್ನುತ್ತಾಳೆ. ಈ ಓಟ ಕಲಿಸಿದವನೇ ನೀನು. ಮರೆತೆಯಾ? ನಾನು ಅಂಗಡಿ ಹಾಕಿದ ಹೊಸತರಲ್ಲಿ ಹುಮನಾಬಾದಿಗೆ ಹೋಗುವ ನಿನ್ನ ಬಸ್ಸು ತಿರುವಿಗೆ ಬಂದಾಗ ಎರಡು ಹಾರ್ನ್ ಹೊಡೆಯುತ್ತಿದ್ದೆ. ನಾನು ಚಿಪ್ಪು ಹಿಡಿದು ಓಡಿಬಂದು ನಿನ್ನ ಕಿಟಕಿಗೆ ಕೊಡುತ್ತಿದ್ದೆ. ಅದನ್ನು ನೋಡಿ ಪ್ರಯಾಣಿಕರು "ನಮಗೂ ಕೊಡವಾ" ಅಂದರು. ಅದನ್ನು ನೋಡಿ ಉಳಿದ ಹೆಂಗಸರು ಓಡಲು ಕಲಿತರು. ಆಮೇಲೆ ಕಾರಿನವರೂ ಹಾರ್ನ್ ಹೊಡೆಯಲು ಕಲಿತರು. ನಮ್ಮ ಸಾಲಿನ ವ್ಯಾಪಾರ ಬೆಳೆದದ್ದೇ ಹೀಗೆ. "ನನ್ನ ಅಣ್ಣ ಕರೀಲಿಕತ್ತಾನ" ಎಂದು ನಾನು ಎಲ್ಲರ ಮುಂದೆ ಹೇಳಿಕೊಂಡು ಓಡುತ್ತಿದ್ದೆ. ಆಗ ನನಗಿದ್ದ ಗತ್ತು ತಹಶೀಲ್ದಾರರಿಗೂ ಇರಲಿಲ್ಲ.

ಈಗ ಕೆಲಸದ ಮಾತು. ಪಂಚಾಯತಿಯಿಂದ ನೋಟಿಸು ಬಂದಿದೆ. ಅಂಗಡಿಗಳೆಲ್ಲ ಬಸ್ ನಿಲ್ದಾಣದ ಹಿಂದಿನ ಕಟ್ಟೆಗೆ ಹೋಗಬೇಕಂತೆ. ಅಲ್ಲಿ ನೆರಳಿದೆ, ನೀರಿದೆ, ಎಲ್ಲ ಇದೆ, ಗಿರಾಕಿ ಒಬ್ಬರಿಲ್ಲ. ಬೀದರಿಗೆ ಹೋಗುವ ಕಾರಿನವನು ಊರೊಳಗೆ ಹೊಕ್ಕು ಕಟ್ಟೆ ಹುಡುಕಿ ಬಾಳೆಹಣ್ಣು ಕೊಳ್ಳುತ್ತಾನೆಯೇ? "ರಸ್ತಾ ಬಿಟ್ಟರ ಗಿರಾಕಿ ಬಿಟ್ಟಂಗ" ಎಂದು ಇಮಾಮಬಿ ಒಂದೇ ಮಾತಿನಲ್ಲಿ ಹೇಳಿದಳು. ನಮ್ಮ ಮನೆಯವರು ತೀರಿಕೊಂಡ ಮೇಲೆ ಈ ಜಾಗವೇ ನನ್ನ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ದಡ ಸೇರಿಸಿದ್ದು.

ಮುಖ್ಯಾಧಿಕಾರಿ ವಿವೇಕಾನಂದ ಅನ್ನುವವರು ಹೊಸಬರು, ಕೆಟ್ಟವರಲ್ಲ. ಇದೇ 24ಕ್ಕೆ ಎಲ್ಲರ ಮಾತು ಕೇಳುವ ಸಭೆ ಕರೆದಿದ್ದಾರೆ. ಅಂಗಡಿಯವರ ಪರ ಮಾತಾಡಲು ಎಲ್ಲರೂ ನನ್ನನ್ನೇ ಮುಂದೆ ಮಾಡಿದ್ದಾರೆ. ಆದರೆ ಬಾಳೆಹಣ್ಣು ಮಾರುವವಳು "ನಮ್ಮಿಂದ ತೊಂದರೆ ಇಲ್ಲ" ಅಂದರೆ ಯಾರು ನಂಬುತ್ತಾರೆ? ನೀನು ಬಂದು ಹೇಳಬೇಕು. "ನಾನು ಈ ರಸ್ತೆಯಲ್ಲಿ ಆಯುಷ್ಯ ಕಳೆದೆ, ಈ ಹೆಣ್ಣುಮಕ್ಕಳಿಂದ ಒಂದು ದಿನವೂ ತೊಂದರೆಯಾಗಲಿಲ್ಲ" ಎಂದು ಇಷ್ಟೇ ಹೇಳು. ಡ್ರೈವರ್ ದೌಲಪ್ಪ ಅಂದರೆ ಇಲ್ಲಿ ಇನ್ನೂ ಜನ ಎದ್ದು ನಿಲ್ಲುತ್ತಾರೆ.

ಬರುತ್ತೀ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ.

ಶಂಕ್ರಮ್ಮ


ಶಹಾಬಜಾರ, ಕಲಬುರಗಿ
17 ಜೂನ್ 2025

ತಂಗಿಗೆ,

ಮೊಣಕಾಲು ಹಿಡಿದುಕೊಂಡಿದೆ. 24ಕ್ಕೆ ಬರಲು ಆಗಲಿಕ್ಕಿಲ್ಲ. ಬೇಸರ ಮಾಡಿಕೊಳ್ಳಬೇಡ.

ನೂರಜಹಾನ್ ಮನೆಗೆ ಬಂದಿರಬೇಕು. ಅವಳಿಗೆ ಕೋಲು ಹಿಡಿದು ನಿಧಾನ ನಡೆಯಲು ಹೇಳು, ಅವಸರದ ಹೆಂಗಸು. ಶರಣಬಸವೇಶ್ವರ ಗುಡಿಗೆ ಹೋದಾಗ ನಿನಗೆಂದು ಬಳೆ ತಂದಿದ್ದೇನೆ, ಗುಫ್ರಾನ್ ಕೊಡುತ್ತಾನೆ. ನಾಗರ ಪಂಚಮಿ ಹತ್ತಿರ ಬಂತು. ನಿಮ್ಮ ವೈನಿ ಈಗಲೇ ಶೇಂಗಾ ಉಂಡಿಯ ಮಾತು ಎತ್ತಿದ್ದಾಳೆ.

ದೌಲಪ್ಪ


ಕಮಲಾಪುರ
26 ಜೂನ್ 2025

ಅಣ್ಣನಿಗೆ,

ಬಳೆ ಬಂದವು. ನಾನು ಬಳೆ ಕೇಳಿರಲಿಲ್ಲ.

ಸಭೆಯಲ್ಲಿ ನನ್ನ ಪಕ್ಕ ನಿನಗೆಂದು ಒಂದು ಕುರ್ಚಿ ಖಾಲಿ ಇಡಿಸಿದ್ದೆ. ಮೊಣಕಾಲು ನೋವಂತೆ! ಗುಫ್ರಾನನನ್ನು ಕೇಳಿದೆ. ಪಾಪ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. "ಚಾಚಾ ಚೆಂದಗೆ ಅಡ್ಡಾಡ್ತಾರವ್ವ, ಮುಂಜಾನೆ ಗುಡಿತನ ನಡಕೋತನ ಹೋಗ್ತಾರ" ಅಂದ.

ಒಂದು ಮಾತನ್ನು ನಾನು ಬಹಳ ವರ್ಷದಿಂದ ನುಂಗಿಕೊಂಡಿದ್ದೇನೆ, ಇವತ್ತು ಬರೆಯುತ್ತೇನೆ. ನಿನ್ನ ಮಗಳ ನಿಶ್ಚಯಕ್ಕೆ ನಾನು ಅಂಗಡಿ ಮುಚ್ಚಿ ಅದೇ ಸೀರೆಯಲ್ಲಿ ಬಂದೆ. ಬೀಗರೆಲ್ಲ ಆಫೀಸಿನ ಜನ. ಆ ಮುಂದಿನ ವಾರದಿಂದಲೇ ನಿನ್ನ ಹಾರ್ನ್ ನಿಂತಿತು. ಬಸ್ಸು ಬರುತ್ತಿತ್ತು, ನಿಧಾನವಾಗುತ್ತಿತ್ತು, ನೀನು ಎದುರಿನ ರಸ್ತೆಯನ್ನೇ ನೋಡುತ್ತ ಹೋಗಿಬಿಡುತ್ತಿದ್ದೆ. ನಾನು ಚಿಪ್ಪು ಹಿಡಿದು ನಿಂತೇ ಇರುತ್ತಿದ್ದೆ. "ಯಾಕವ್ವಾ, ಅಣ್ಣ ಕರೀಲಿಲ್ಲ?" ಎಂದು ಇಮಾಮಬಿ ಕೇಳಿದರೆ "ಹಾರ್ನ್ ಕೆಟ್ಟಿರಬೇಕು" ಎಂದು ಹೇಳುತ್ತಿದ್ದೆ. ಒಂದು ಹಾರ್ನ್ ಎಷ್ಟು ವರ್ಷ ಕೆಟ್ಟಿರುತ್ತದೆ ಅಣ್ಣಾ?

ನಿವೃತ್ತನಾದ ಮೇಲೆ ಈ ರಸ್ತೆಗೇ ಬರುವುದನ್ನು ಬಿಟ್ಟೆ. ಪಂಚಮಿಗೆ ಅಣ್ಣನಾದವನು ತಾನೇ ಬಂದು ಕರೆದೊಯ್ಯುವುದು ನಮ್ಮ ಮನೆತನದ ಪದ್ಧತಿ. ನೀನು ಗುಫ್ರಾನನ ಕೈಯಲ್ಲಿ ಹೇಳಿ ಕಳಿಸುತ್ತೀ. ನಾನು ಮಾನ ಬಿಟ್ಟು ಒಬ್ಬಳೇ ಬಸ್ಸು ಹತ್ತಿ ಬರುತ್ತೇನೆ. ರಸ್ತೆಯ ಮೇಲೆ ಹಣ್ಣು ಮಾರುವ ತಂಗಿ ಎಂದು ನಿನಗೆ ನಾಚಿಕೆ ಇದ್ದರೆ ಬಾಯಿಬಿಟ್ಟು ಹೇಳು. ಸಭೆಯಲ್ಲಿ ನನ್ನ ಪಕ್ಕ ಕೂರಲು ಮನಸ್ಸಿಲ್ಲದವನು ಮೊಣಕಾಲಿನ ಮೇಲೆ ಯಾಕೆ ಹಾಕಬೇಕು?

ಸಭೆ ಮುಗಿಯಲಿಲ್ಲ. ವಿವೇಕಾನಂದ ಸಾಹೇಬರು 21 ಜುಲೈಗೆ ಮುಂದೆ ಹಾಕಿದರು. "ಊರಿಗೆ ವ್ಯಾಪಾರನೂ ಬೇಕು, ಮಂದಿ ಜೀವನೂ ಬೇಕು. ಒಂದ ಆರಿಸು ಅಂದ್ರ ಸಹಿ ಮಾಡಾಕ ನನಗ ಕೈ ಬರಂಗಿಲ್ರಿ. ಬ್ಯಾರೆ ದಾರಿ ಇದ್ರ ನೀವ ಹೇಳ್ರಿ" ಅಂದರು. ನನಗೆ ದಾರಿ ಗೊತ್ತಿಲ್ಲ. ನನಗೆ ಗೊತ್ತಿರುವುದು ಆ ತಿರುವು ಒಂದೇ.

ಶಂಕ್ರಮ್ಮ


ಕಮಲಾಪುರ
9 ಜುಲೈ 2025

ಅಣ್ಣಾ,

ಗುಫ್ರಾನ್ ಮತ್ತೆ ಬರಿಗೈಯಲ್ಲಿ ಬಂದ. ಸಿಟ್ಟಿಗೆ ಬರೆದೆ. ಸಿಟ್ಟು ಹೋಗಿದೆ, ಬರೆದದ್ದು ಹೋಗಿಲ್ಲ. ಉಂಡೆಯಾ, ಆರಾಮಿದ್ದೀಯಾ, ಅಷ್ಟನ್ನಾದರೂ ಬರೆ.

ಶಂಕ್ರಿ


ಶಹಾಬಜಾರ, ಕಲಬುರಗಿ
13 ಜುಲೈ 2025

ನನ್ನ ಶಂಕ್ರಿಗೆ,

ನಾಚಿಕೆ ಎಂಬ ಮಾತು ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಹಲವು ಸಲ ಬರೆದು ಹರಿದೆ. ನಿಮ್ಮ ವೈನಿ ಕೊನೆಗೆ, "ತಂಗಿ ಹಂತ್ಯಾಕ ಎಂಥಾ ಬಿಗುಮಾನರಿ? ಇದ್ದದ್ದ ಇದ್ದಂಗ ಬರೀರಿ" ಎಂದು ಬೈದಳು. ಇದ್ದದ್ದನ್ನು ಇದ್ದಂತೆ ಬರೆಯುತ್ತಿದ್ದೇನೆ.

ನೀನು ನಿಶ್ಚಯಕ್ಕೆ ಬಂದ ಸೀರೆ ಯಾವುದೆಂದು ನನಗೆ ನೆನಪೂ ಇಲ್ಲ. ನೆನಪಿರುವುದು ಅದರ ಮುಂದಿನ ವಾರ ನೀನು ಉಟ್ಟಿದ್ದ ಹಳದಿ ಇಳಕಲ್ ಸೀರೆ.

ಡ್ರೈವರನ ಕಿಟಕಿ ಯಾವ ಕಡೆ ಇರುತ್ತದೆ ಯೋಚನೆ ಮಾಡು. ಬಲಗಡೆ, ರಸ್ತೆಯ ನಡುವಿಗೆ. ನನಗೆ ಹಣ್ಣು ಕೊಡಬೇಕಾದರೆ ನೀನು ಎದುರಿನಿಂದ ಗಾಡಿ ಬರುವ ದಾರಿಯಲ್ಲಿಯೇ ನಿಲ್ಲಬೇಕಾಗಿತ್ತು. ಅಷ್ಟು ವರ್ಷ ಅದು ನನ್ನ ತಲೆಗೆ ಹೊಳೆಯಲಿಲ್ಲ. ಆ ದಿನ ನಾನು ಎರಡು ಹಾರ್ನ್ ಹೊಡೆದೆ, ನೀನು ಓಡಿ ಬಂದೆ. ಚಿಪ್ಪು ನನ್ನ ಕೈಗೆ ಕೊಡುತ್ತಿರುವಾಗ ತಿರುವಿನಿಂದ ಒಂದು ಲಾರಿ ಬಂತು. ನಾನು ಕೂಗಿದ್ದು ಇಂಜಿನ್ ಸದ್ದಿನಲ್ಲಿ ನಿನಗೆ ಕೇಳಲಿಲ್ಲ. ಲಾರಿಯವನು ಮಣ್ಣಿಗೆ ಇಳಿಸಿ ನಿನ್ನ ಬೆನ್ನ ಹಿಂದಿನಿಂದ ದಾಟಿಸಿಕೊಂಡು ಹೋದ. ನಿನ್ನ ಸೆರಗು ಹಾರಿ ನನ್ನ ಕಿಟಕಿಯೊಳಗೆ ಬಂತು. ನೀನು ಸೆರಗು ಎಳೆದುಕೊಂಡು ನಗುತ್ತ, "ಎಂಥಾ ಗಾಳೀನೋ ಅಣ್ಣಾ ಇದು!" ಅಂದೆ.

ಗಾಳಿಯಲ್ಲ ಅದು, ಶಂಕ್ರಿ.

ಆ ದಿನ ಹುಮನಾಬಾದ್ ಸ್ಟ್ಯಾಂಡಿನಲ್ಲಿ ಗುಫ್ರಾನನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದೆ, ಅವನು ಇಂದಿಗೂ ಹೇಳಿಲ್ಲ. ಮರುದಿನದಿಂದ ಹಾರ್ನ್ ಮುಟ್ಟಲಿಲ್ಲ. ನಿನ್ನ ಕಡೆ ನೋಡಿದರೆ ಸಾಕು ನೀನು ಓಡಿ ಬರುತ್ತೀ ಎಂದು ನೋಡುವುದನ್ನೂ ಬಿಟ್ಟೆ. ನೀನು ಚಿಪ್ಪು ಹಿಡಿದು ನಿಂತದ್ದು ನನಗೆ ಕಾಣುತ್ತಿರಲಿಲ್ಲ ಅಂದುಕೊಂಡೆಯಾ? ತಿರುವು ದಾಟುವವರೆಗೂ ಕನ್ನಡಿಯಲ್ಲಿ ನಿನ್ನನ್ನೇ ನೋಡುತ್ತಿದ್ದೆ.

ಆಗಲೇ ಹೇಳಬಹುದಾಗಿತ್ತು. ಆದರೆ ಏನೆಂದು ಹೇಳಲಿ? ಗಂಡನಿಲ್ಲದ ತಂಗಿ ಆ ಜಾಗದಿಂದ ಮಕ್ಕಳನ್ನು ಸಾಕುತ್ತಿದ್ದಳು. ಅಲ್ಲಿ ಕೂರಬೇಡ ಅಂದರೆ ನಿನ್ನ ಅನ್ನ ಕಿತ್ತುಕೊಂಡ ಹಾಗೆ, ಕೂರು ಅಂದರೆ ನಿನ್ನನ್ನೇ ಕಳೆದುಕೊಂಡ ಹಾಗೆ. ಅತ್ತ ದರಿ, ಇತ್ತ ಪುಲಿ. ಸಿಟ್ಟಾದರೆ ಸಿಟ್ಟಾಗಲಿ, ಜೀವಂತ ಇದ್ದು ಸಿಟ್ಟಾಗಲಿ ಅಂದುಕೊಂಡೆ. ನಿವೃತ್ತನಾದ ಮೇಲೆ ಆ ರಸ್ತೆಗೆ ಬರಲು ಯಾಕೆ ಮನಸ್ಸಾಗಲಿಲ್ಲ ಅಂದರೆ, ಬ್ರೇಕು ನನ್ನ ಕಾಲಡಿ ಇರುವವರೆಗೆ ಧೈರ್ಯವಿತ್ತು. ಪ್ರಯಾಣಿಕನಾಗಿ ಕೂತು ನೀನು ಓಡುವುದನ್ನು ನೋಡುವುದು ನನ್ನಿಂದಾಗದು.

ಇನ್ನೊಂದು. ನೀನು ನನಗೆ ಬರೆಯದ ಮಾತೊಂದನ್ನು ನೂರಜಹಾನ್ ಆಸ್ಪತ್ರೆಯಲ್ಲಿ ಹೇಳಿದಳು. "ಶಂಕ್ರಮ್ಮ ಮುಂದ ಇದ್ದಳು ಭಾಯಿ, ನಾನ ಆಕಿನ್ನ ಹಿಂದ ಹಾಕಿ ಓಡಿದೆ. ಇಲ್ಲಂದ್ರ ಈ ಪಲಂಗಿನ ಮ್ಯಾಲ ಆಕಿ ಇರತಿದ್ದಳು." ಕರೀಂಸಾಬ್ ಅದನ್ನು ಮತ್ತೆ ನನ್ನ ಕಿವಿಯಲ್ಲಿ ಹೇಳಬೇಕಾಗಲಿಲ್ಲ. ಮೊದಲ ಸಲವೇ ಕೇಳಿಸಿತು.

ಇದೆಲ್ಲ ಗೊತ್ತಿದ್ದು ಸಭೆಗೆ ಬಂದು "ಒಂದು ದಿನವೂ ತೊಂದರೆಯಾಗಲಿಲ್ಲ" ಎಂದು ಹೇಗೆ ಹೇಳಲಿ? ನಿಜ ಹೇಳಿದರೆ ಎಲ್ಲರ ಎದುರು ನಿನ್ನ ವಿರುದ್ಧ ನಿಂತ ಹಾಗೆ. ಅದಕ್ಕೇ ಮೊಣಕಾಲಿನ ಮೇಲೆ ಹಾಕಿದೆ.

ನೀನು ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಅಂಗಡಿ ನಿನ್ನದು, ಮಾತು ನಿನ್ನದು. 21ಕ್ಕೆ ನೀನು ಏನು ಹೇಳಿದರೂ ನಾನು ನಿನ್ನ ಅಣ್ಣನೇ.

ದೌಲಪ್ಪ


ಕಮಲಾಪುರ
25 ಜುಲೈ 2025

ಅಣ್ಣಾ,

ನಿನ್ನ ಕಾಗದ ಬಂದ ದಿನ ಅಂಗಡಿಯಲ್ಲೇ ಕೂತು ಓದಿದೆ. ಓದಿ ಮುಗಿಸುವಷ್ಟರಲ್ಲಿ ಒಂದು ಕಾರು ಹಾರ್ನ್ ಹೊಡೆಯಿತು. ನಾನು ಏಳಲಿಲ್ಲ. "ಯಾಕ, ಕುದುರಿಗಿ ಏನಾತು?" ಎಂದು ಇಮಾಮಬಿ ಕೇಳಿದಳು. ನನಗೆ ಅಳು ಬಂತು. ಅವಳು ಕೈಲಿದ್ದ ಹಣ್ಣು ಇಟ್ಟು ನನ್ನ ಬೆನ್ನು ಸವರಿದಳು. ಆ ಕಾರಿಗೆ ಯಾರೂ ಹೋಗಲಿಲ್ಲ.

ಆ ಹಳದಿ ಸೀರೆ ನನ್ನ ಪೆಟ್ಟಿಗೆಯಲ್ಲಿ ಈಗಲೂ ಇದೆ. ಗಾಳಿಗೆ ಸೆರಗು ಹರಿಯಿತು ಎಂದು ಅಂಚು ಹೊಲಿಸಿದ್ದೆ. ಮನೆಗೆ ಹೋಗಿ ಆ ಹೊಲಿಗೆ ನೋಡುತ್ತ ಬಹಳ ಹೊತ್ತು ಕೂತೆ.

ನೂರಜಹಾನ್ ಹೇಳಿದ್ದು ಖರೆ. ನಾನೇ ಮುಂದಿದ್ದೆ. ಬರೆದರೆ ನೀನು ಅಂಗಡಿ ಬಿಡಿಸುತ್ತೀ ಎಂದು ಬರೆಯಲಿಲ್ಲ. ಇಬ್ಬರೂ ಒಬ್ಬ ತಾಯಿಯ ಮಕ್ಕಳೇ ಹೌದು, ಮುಚ್ಚಿಡುವುದರಲ್ಲಿ ಒಬ್ಬರಿಗೊಬ್ಬರು ಕಡಿಮೆ ಇಲ್ಲ.

ಸಭೆಯಲ್ಲಿ ನಾನು ಹೇಳಬೇಕೆಂದಿದ್ದ ಮಾತು ಬೇರೆಯಿತ್ತು. ಎದ್ದು ನಿಂತಾಗ ಬಾಯಿಗೆ ಬಂದದ್ದೇ ಬೇರೆ. "ಸಾಹೇಬ್ರ, ನಮ್ಮ ಅಂಗಡಿ ಕೆಟ್ಟದ್ದಲ್ರಿ, ನಮ್ಮ ಓಟ ಕೆಟ್ಟದ್ದು. ಓಟ ಬಿಡ್ತೀವಿ. ಆದ್ರ ನಮ್ಮನ್ನ ಗಿರಾಕಿ ಕಣ್ಣಿಂದ ದೂರ ಒಯ್ಯಬ್ಯಾಡ್ರಿ. ಕಣ್ಣಿಗಿ ಕಾಣೂ ಹಂಗ ಕೂಡ್ರಸ್ರಿ, ಗಾಡಿನ ನಮ್ಮ ಹಂತ್ಯಾಕ ಬರೂ ಹಂಗ ಮಾಡ್ರಿ" ಅಂದೆ. ನಮ್ಮವರೇ ಕೆಲವರು "ಈಕಿ ಆಚೆ ಕಡೆ ಸೇರಿದಳು" ಎಂದು ಗೊಣಗಿದರು. ಆಗ ಹಿಂದಿನಿಂದ ಕೋಲಿನ ಸದ್ದಾಯಿತು. ನೂರಜಹಾನ್ ಎದ್ದು ನಿಂತಿದ್ದಳು. ಗೊಣಗುವವರು ಸುಮ್ಮನಾದರು.

ಊರ ಮುಂದೆ ಹೆದ್ದಾರಿಗೆ ಹತ್ತಿಕೊಂಡೇ ಹಳೆಯ ಹತ್ತಿ ಗೋದಾಮಿನ ಬಯಲಿದೆಯಲ್ಲ, ಅದನ್ನು ಕೊಡುವುದೆಂದು ತೀರ್ಮಾನವಾಯಿತು. ಗಾಡಿಗಳು ಒಂದು ಕಡೆಯಿಂದ ಒಳಗೆ ಬಂದು ಇನ್ನೊಂದು ಕಡೆಯಿಂದ ಹೋಗಬೇಕು. ಬಸ್ಸುಗಳೂ ಒಳಗೇ ನಿಲ್ಲಲಿ ಎಂದು ಸಾಹೇಬರು ಸಾರಿಗೆಯವರನ್ನು ಕೇಳಿದರು, ಅವರು ಒಪ್ಪಿದ್ದಾರೆ. ಹಣ್ಣು ಹಿಡಿದು ರಸ್ತೆಗೆ ಇಳಿದವರ ಜಾಗ ಹೋಗುತ್ತದೆ, ಇದು ನಾವೇ ಹಾಕಿಕೊಂಡ ನಿಯಮ. ಇದೆಲ್ಲ ದೀಪಾವಳಿಯವರೆಗೆ. ವ್ಯಾಪಾರ ನಿಂತಿತು ಅಂದರೆ ಮತ್ತೆ ಕೂತು ಮಾತಾಡೋಣ ಎಂದು ಸಾಹೇಬರು ಮಾತು ಕೊಟ್ಟಿದ್ದಾರೆ.

ಮೊದಲು ಅಂಗಡಿ ಕಿತ್ತವಳು ನಾನೇ. ಆ ತಿರುವಿನಲ್ಲಿ ನೆಟ್ಟಿದ್ದ ಗೂಟ ಕೀಳುವಾಗ ಮನಸ್ಸು ಒಪ್ಪಲಿಲ್ಲ, ಸುಳ್ಳು ಹೇಳುವುದಿಲ್ಲ. ವ್ಯಾಪಾರ ಸದ್ಯ ಅರ್ಧಕ್ಕೆ ಇಳಿದಿದೆ. ಕಾರಿನವರಿಗೆ ಇನ್ನೂ ದಾರಿ ತಿಳಿದಿಲ್ಲ. ನಿನ್ನೆ ಕೆಲವು ಹಣ್ಣು ಕಪ್ಪಾಗಿ ದನಕ್ಕೆ ಹಾಕಿದೆ. ಆದರೆ ಎರಡು ಬಸ್ಸು ಒಳಗೆ ಬಂದವು. ಜನ ಇಳಿದು, ಮೂಸಿ ನೋಡಿ, ಚೌಕಾಸಿ ಮಾಡಿ ಕೊಂಡರು. ಕೂತು ವ್ಯಾಪಾರ ಮಾಡಿ ಎಷ್ಟು ಕಾಲವಾಗಿತ್ತು!

ಮೊದಲ ದಿನ ರಸ್ತೆಯ ಮೇಲೆ ಯಾವುದೋ ಗಾಡಿ ಹಾರ್ನ್ ಹೊಡೆಯಿತು. ನಾವೆಲ್ಲರೂ ಚಿಪ್ಪು ಹಿಡಿದು ಅರ್ಧ ಎದ್ದೆವು. ಒಬ್ಬರ ಮುಖ ಒಬ್ಬರು ನೋಡಿದೆವು. ಮತ್ತೆ ಕೂತೆವು. ಆಮೇಲೆ ಬಿದ್ದು ಬಿದ್ದು ನಕ್ಕೆವು. ನೂರಜಹಾನ್ ಎಲ್ಲರಿಗಿಂತ ಹೆಚ್ಚು ನಕ್ಕಳು.

ಬರುವ ಮಂಗಳವಾರ ಪಂಚಮಿ. ಈ ಸಲ ಗುಫ್ರಾನನ ಕೈಯಲ್ಲಿ ಹೇಳಿ ಕಳಿಸಿದರೆ ನಾನು ಬರುವುದಿಲ್ಲ, ಈಗಲೇ ಹೇಳಿರುತ್ತೇನೆ.

ಶಂಕ್ರಿ


ಶಹಾಬಜಾರ, ಕಲಬುರಗಿ
27 ಜುಲೈ 2025

ಶಂಕ್ರಿ,

ನಾಳೆ ಮುಂಜಾನೆಯ ಬಸ್ಸಿಗೆ ಹೊರಟಿದ್ದೇನೆ. ನಿನ್ನನ್ನು ಕರೆಯಲು ನಾನೇ ಬರುತ್ತೇನೆ. ನಿಮ್ಮ ವೈನಿ ನೂರಜಹಾನಳಿಗೂ ಇಮಾಮಬಿಗೂ ಬೇರೆ ಬೇರೆ ಡಬ್ಬಿಯಲ್ಲಿ ಉಂಡಿ ಕಟ್ಟಿದ್ದಾಳೆ. ಮಾಳಿಗೆಯ ತೊಲೆಗೆ ಜೋಕಾಲಿ ಕಟ್ಟಿದ್ದೇನೆ. ನಿನ್ನ ಭಾರ ತಡೆಯುತ್ತದೆಯೋ ಎಂದು ನಾನೇ ಕೂತು ನೋಡಿದೆ. ನಿಮ್ಮ ವೈನಿ ನಕ್ಕು ನಕ್ಕು ಸತ್ತಳು.

ಆ ಹಳದಿ ಸೀರೆ ಉಟ್ಟುಕೊಂಡಿರು.

ಹೊಸ ಡ್ರೈವರ್ ಬಯಲಿಗೆ ತಿರುಗುವಾಗ ಅಭ್ಯಾಸಕ್ಕೆ ಹಾರ್ನ್ ಹೊಡೆದಾನು. ನನಗಂತೂ ಕೇಳಿಸುವುದಿಲ್ಲ. ನಿನಗೆ ಕೇಳಿಸಿದರೂ ನೀನು ಏಳಬೇಡ, ಕೂತಿರು. ಇಷ್ಟು ವರ್ಷ ನೀನು ಓಡಿ ಬಂದೆ. ಈ ಸಲ ನಾನು ಇಳಿದು ನಿನ್ನ ಹತ್ತಿರ ನಡೆದು ಬರುತ್ತೇನೆ.

ನಿನ್ನ ಅಣ್ಣ